ಟೈಲ್ಸ್ ಮಾರಿದವರು ಬೇರೆ, ಹಾಕಿದವರು ಬೇರೆ: ಮನೆಗೆ ನೆಲ ಹಾಕಿಸುವವರಿಗೊಂದು ಮಾರ್ಗದರ್ಶಿ

ವಿಜಯನಗರದ ನಮ್ಮ ಮನೆಗೆ ಹೊಸ ಟೈಲ್ಸ್ ಹಾಕಿಸಿ ನಾಲ್ಕು ತಿಂಗಳಾಗುವ ಹೊತ್ತಿಗೆ, ಊಟದ ಮೇಜಿನ ಕುರ್ಚಿಯನ್ನು ಎಳೆದಾಗಲೆಲ್ಲ ಒಂದು ಜಾಗದಲ್ಲಿ ಮಾತ್ರ ಖಾಲಿ ಡಬ್ಬ ತಟ್ಟಿದಂಥ ಸದ್ದು ಬರತೊಡಗಿತು. ಟೈಲ್ಸ್ ಮಾರಿದ ಅಂಗಡಿಯವರು ಹಾಕಿದವರನ್ನು ಕೇಳಿ ಎಂದರು. ಹಾಕಿದ ಮೇಸ್ತ್ರಿ, ಟೈಲ್ಸೇ ಬಾಗಿ ಬಂದಿದ್ದವು, ಅಂಗಡಿಯವರನ್ನು ಕೇಳಿ ಎಂದರು. ಇಬ್ಬರನ್ನೂ ಒದಗಿಸಿ ಒಟ್ಟು ಹಣ ಪಡೆದಿದ್ದ ಕಂಪನಿಯ ವ್ಯವಸ್ಥಾಪಕರು, ಕೆಲಸ ಒಪ್ಪಿಸಿ ಸಹಿ ಪಡೆದ ಮೇಲೆ ತಮ್ಮ ಪಾತ್ರ ಮುಗಿಯಿತು ಎಂದರು. ಆ ಸಹಿಯನ್ನು, ಒಂದು ಟೈಲ್ಸನ್ನೂ ತಟ್ಟಿ ನೋಡದೆ, ಹಾಕಿಕೊಟ್ಟವನು ನಾನೇ. ಆಮೇಲೆ ಬಂಧುಗಳನ್ನೂ ಸಹೋದ್ಯೋಗಿಗಳನ್ನೂ ವಿಚಾರಿಸುತ್ತ ಹೋದಾಗ ತಿಳಿದದ್ದೇನೆಂದರೆ, ಅವರ ದೂರುಗಳಲ್ಲಿ ಹೆಚ್ಚಿನವು, ಒಬ್ಬರ ಜವಾಬ್ದಾರಿ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಹಳೆಯ ನೆಲಕ್ಕೆ ಸುತ್ತಿಗೆ ಬೀಳುವ ಮೊದಲೇ ಗೊತ್ತುಮಾಡಿಕೊಳ್ಳದೆ ಇದ್ದುದರಿಂದ ಹುಟ್ಟಿದ್ದವು. ಈ ಲೇಖನದ ಹೆಜ್ಜೆಗಳೆಲ್ಲ ಆ ಗಡಿಯನ್ನು ಗುರುತಿಸಿಕೊಳ್ಳುವುದಕ್ಕಾಗಿಯೇ ಇವೆ.

ಮೊದಲ ಹೆಜ್ಜೆ: ಯಾವ ನೆಲ ಎಂಬುದನ್ನು ನೀವೇ ನಿಶ್ಚಯಿಸಿ

ನೆಲದ ಬಗೆ ನಿಶ್ಚಯವಾಗದೆ ಕಂಪನಿಗಳನ್ನು ಕರೆದರೆ, ಅವರ ಗೋದಾಮಿನಲ್ಲಿ ಯಾವ ಸರಕು ಉಳಿದಿದೆಯೋ ಅದೇ ನಿಮ್ಮ ಮನೆಗೆ ಒಪ್ಪುವ ಸರಕಾಗಿಬಿಡುತ್ತದೆ. ಬೆಂಗಳೂರಿನ ಮನೆಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ವಿಟ್ರಿಫೈಡ್ ಟೈಲ್ಸ್, ಅಂದರೆ ಹೆಚ್ಚಿನ ಕಾವಿನಲ್ಲಿ ಸುಟ್ಟು ಗಾಜಿನಂತೆ ಬಿಗಿಯಾಗಿಸಿದ ಟೈಲ್ಸ್. ಅಂಗಡಿಗಳಲ್ಲಿ ಕಾಣುವ ಸರಕಿನ ಬಹುಪಾಲು ಗುಜರಾತಿನ ಮೋರ್ಬಿಯಿಂದ ಬಂದದ್ದು. ಗ್ರಾನೈಟ್ ಬೇಕೆನ್ನುವವರು ಜಿಗಣಿಯ ಕಡೆಗೆ ಹೋಗಿ, ಹಲಗೆಗಳನ್ನು ಬಿಸಿಲಿನಲ್ಲಿ ನಿಲ್ಲಿಸಿ ನೋಡಿ ಆರಿಸಿಕೊಳ್ಳಬಹುದು. ಅಮೃತಶಿಲೆಯನ್ನು ನಡುಮನೆಗೆ ಹಾಕಿಸಿದರೂ ಅಡುಗೆಮನೆಗೆ ಹಾಕಿಸಬೇಡಿ. ಅದು ಸುಣ್ಣದ ಕಲ್ಲಿನ ಜಾತಿಯದಾದ್ದರಿಂದ ಹುಣಸೆಹುಳಿ, ನಿಂಬೆರಸ, ಹುಳಿ ಮಜ್ಜಿಗೆ ಬಿದ್ದ ಜಾಗದಲ್ಲಿ ಹೊಳಪು ಸತ್ತುಹೋಗುತ್ತದೆ. ಗ್ರಾನೈಟಿಗೆ ಆ ಭಯವಿಲ್ಲ. ಲ್ಯಾಮಿನೇಟ್ ಹಲಗೆಯ ಒಡಲು ಒತ್ತಿದ ಮರದ ನಾರಿನದು; ಬಾಲ್ಕನಿಯ ಬಾಗಿಲಿನಿಂದ ಮಳೆಯ ಎರಚಲು ಬರುವ ಕೋಣೆಗೆ ಅದನ್ನು ಹಾಕಿಸಿದವರು ಒಂದೇ ಮಳೆಗಾಲದಲ್ಲಿ ಅಂಚುಗಳು ಉಬ್ಬಿದ್ದನ್ನು ನೋಡಿದ್ದಾರೆ. ನೆಲಮಹಡಿಯ ಮನೆಯಾಗಿದ್ದರೆ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ಕಾಂಕ್ರೀಟಿನ ಮೇಲೆ ನಾಲ್ಕೂ ಅಂಚು ಟೇಪ್ ಹಚ್ಚಿ ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ಕೆಳಗಿನಿಂದ ತೇವ ಏರುತ್ತಿದೆ ಎಂದರ್ಥ, ಅಂಥ ಕಡೆ ಮರದ ನೆಲದ ಆಸೆಯನ್ನು ಬಿಡುವುದು ಲೇಸು.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಂಥ ಬಡಾವಣೆಗಳ ಹಳೆಯ ಮನೆಗಳಲ್ಲಿ ಇನ್ನೂ ರೆಡ್ ಆಕ್ಸೈಡ್ ನೆಲಗಳಿವೆ. ಅಂಥ ನೆಲ ನಿಮ್ಮ ಮನೆಯಲ್ಲಿದ್ದು, ಬಿರುಕುಗಳು ಕೆಲವೇ ಇದ್ದರೆ, ಅದನ್ನು ಒಡೆಸುವ ಮೊದಲು ಯಂತ್ರದಿಂದ ತಿಕ್ಕಿಸಿ ಹೊಳಪು ಕೊಡಿಸುವವರನ್ನು ಒಮ್ಮೆ ಕರೆದು ತೋರಿಸಿ. ಹೊಸ ನೆಲ ಮಾರುವವರು ಈ ಮಾತನ್ನು ಹೇಳುವುದಿಲ್ಲ; ಹೇಳಲಿ ಎಂದು ನಿರೀಕ್ಷಿಸುವುದೂ ತಪ್ಪು.

ಎರಡನೆಯ ಹೆಜ್ಜೆ: ಹಿಂದಿನ ಗ್ರಾಹಕರ ಮನೆಗೆ ಹೋಗಿ ಬನ್ನಿ

ನಮ್ಮ ಊರಿನಲ್ಲಿ ಈ ಕೆಲಸ ಮಾಡುವವರು ಮೂರು ಬಗೆಯವರು: ಟೈಲ್ಸ್ ಅಂಗಡಿಯವರು ಗೊತ್ತುಮಾಡಿಕೊಡುವ ತಂಡ, ಒಳಾಂಗಣದ ಸಮಸ್ತ ಕೆಲಸವನ್ನೂ ಒಪ್ಪಿಕೊಳ್ಳುವ ಕಂಪನಿ, ಮತ್ತು ಸ್ವತಂತ್ರ ಮೇಸ್ತ್ರಿ. ಮೊದಲೆರಡು ಬಗೆಯಲ್ಲಿ ನಿಮ್ಮೊಡನೆ ಮಾತನಾಡುವವರಿಗೂ ನಿಮ್ಮ ನೆಲದ ಮೇಲೆ ಮಂಡಿಯೂರಿ ಕೂರುವವರಿಗೂ ನಡುವೆ ಒಬ್ಬರೋ ಇಬ್ಬರೋ ಉಪಗುತ್ತಿಗೆದಾರರು ಇರುವುದು ಸಾಮಾನ್ಯ. ಅದರಲ್ಲಿ ತಪ್ಪೇನಿಲ್ಲ, ಆದರೆ ಆ ಸರಪಳಿ ನಿಮಗೆ ಗೊತ್ತಿರಬೇಕು. ಹಾಗಾಗಿ ಯಾವ ಕಂಪನಿಯನ್ನಾದರೂ ಕೇಳಬೇಕಾದ ಮೊದಲ ಪ್ರಶ್ನೆ, ಕೆಲಸಕ್ಕೆ ಬರುವ ಮೇಸ್ತ್ರಿ ಯಾರು, ಅವರು ಈ ಹಿಂದೆ ನಿಮಗಾಗಿ ಮಾಡಿದ ಯಾವ ಮನೆಯನ್ನು ನಾನು ನೋಡಬಹುದು ಎಂಬುದು.

ನೋಡಲು ಹೋಗುವ ಮನೆ ಕಳೆದ ತಿಂಗಳು ಮುಗಿದದ್ದಾಗಿರಬಾರದು. ಹೊಸ ನೆಲವೆಲ್ಲ ಚೆನ್ನಾಗಿಯೇ ಕಾಣುತ್ತದೆ. ಗೃಹಪ್ರವೇಶದ ವಾರದಲ್ಲಿ ಬರೆದ ಹೊಗಳಿಕೆಗೆ ನಾನು ಬೆಲೆ ಕೊಡುವುದನ್ನು ಬಿಟ್ಟಿದ್ದೇನೆ. ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಕಂಡ, ಜನ ವಾಸವಿರುವ ಮನೆಯನ್ನೇ ತೋರಿಸಲು ಕೇಳಿ. ಅಲ್ಲಿ ಬರಿಗಾಲಿನಲ್ಲಿ ನಡೆಯಿರಿ: ಎರಡು ಟೈಲ್ಸ್ ಕೂಡುವ ಜಾಗದಲ್ಲಿ ಅಂಚು ಎದ್ದಿದ್ದರೆ ಕಣ್ಣಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತದೆ. ಬಚ್ಚಲಿನಲ್ಲಿ ಒಂದು ಚೊಂಬು ನೀರು ಚೆಲ್ಲಿ ಅದು ಯಾವ ಕಡೆ ಹರಿಯುತ್ತದೆ ನೋಡಲು ಅನುಮತಿ ಕೇಳಿ. ಸಂಕೋಚವಾಗಬಹುದು, ಆದರೆ ಕಷ್ಟಪಟ್ಟ ಗ್ರಾಹಕರು ತಾವೇ ಚೊಂಬು ತಂದುಕೊಡುತ್ತಾರೆ.

ಮನೆಯವರನ್ನು ‘ಕೆಲಸ ಹೇಗಿತ್ತು’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕೆಲಸದ ನಡುವೆ ಏನಾದರೂ ತಪ್ಪಾಯಿತೇ, ಆಗ ಯಾರಿಗೆ ಫೋನ್ ಮಾಡಿದಿರಿ, ಎಷ್ಟು ದಿನದಲ್ಲಿ ಬಂದರು ಎಂದು ಕೇಳಿ. ಅಂತಿಮ ಬಿಲ್ಲು ಮೊದಲ ದರಪಟ್ಟಿಗಿಂತ ಎಷ್ಟು ಹೆಚ್ಚಾಯಿತು, ಯಾವ ಬಾಬ್ತಿಗೆ ಎಂದು ಕೇಳಿ. ಮೊದಲ ದಿನ ಬಂದ ಮೇಸ್ತ್ರಿಯೇ ಕೊನೆಯ ದಿನವೂ ಇದ್ದರೇ ಎಂಬುದು ಬಹಳ ಮುಖ್ಯ. ಬನಶಂಕರಿಯಲ್ಲಿರುವ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ನಡುಮನೆ ಮುಗಿಸಿದ ನುರಿತ ತಂಡವನ್ನು ಮೂರನೆಯ ದಿನ ಇನ್ನೊಂದು ದೊಡ್ಡ ಕೆಲಸಕ್ಕೆ ಕರೆದೊಯ್ದು, ಉಳಿದ ಕೋಣೆಗಳಿಗೆ ಕಲಿಯುವ ಹುಡುಗರನ್ನು ಬಿಟ್ಟಿದ್ದರು. ಇಂದಿಗೂ ಆ ಮನೆಯ ಹೊಸಿಲು ದಾಟಿ ಕೋಣೆಗೆ ಕಾಲಿಟ್ಟರೆ ಕೈ ಬದಲಾದದ್ದು ಗೊತ್ತಾಗುತ್ತದೆ. ತಪ್ಪೇ ಆಗದ ಕೆಲಸವನ್ನು ಹುಡುಕುತ್ತ ಹೋಗಬೇಡಿ. ತಪ್ಪಾದಾಗ ಎರಡನೆಯ ಕರೆಗೆ ಬಂದು ಸರಿಪಡಿಸಿದವರು ಯಾರು ಎಂಬುದೇ ಹುಡುಕಬೇಕಾದ ಸಂಗತಿ.

ಮೂರನೆಯ ಹೆಜ್ಜೆ: ಅಳತೆ ನಿಮ್ಮದೇ ಇರಲಿ, ದರಪಟ್ಟಿ ಬಿಡಿಬಿಡಿಯಾಗಿರಲಿ

ಕಂಪನಿಯವರು ಅಳೆಯಲು ಬರುವ ಮುನ್ನ ಟೇಪ್ ಹಿಡಿದು ನೀವೇ ಒಮ್ಮೆ ಅಳೆದಿಡಿ. 12 ಅಡಿಗೆ 11 ಅಡಿಯ ಕೋಣೆ 132 ಚದರ ಅಡಿ. ಕತ್ತರಿಸುವಾಗ ಹಾಳಾಗುವುದಕ್ಕೆ ಶೇ 10 ಸೇರಿಸಿದರೆ ಸುಮಾರು 145. ಎರಡಡಿ ಚೌಕದ, ಅಂದರೆ 600 ಮಿಲಿಮೀಟರ್ ಅಳತೆಯ ಟೈಲ್ಸ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ನಾಲ್ಕು ತುಂಡುಗಳಿದ್ದು, ಅವು 1.44 ಚದರ ಮೀಟರ್, ಎಂದರೆ 15.5 ಚದರ ಅಡಿಯನ್ನು ಮುಚ್ಚುತ್ತವೆ. ಆದ್ದರಿಂದ ಆ ಕೋಣೆಗೆ ಹತ್ತು ಪೆಟ್ಟಿಗೆ ಬೇಕು. ಓರೆಯಾಗಿ ಹಾಕಿಸುವುದಾದರೆ ಹಾಳಾಗುವ ಪ್ರಮಾಣ ಶೇ 15ರವರೆಗೂ ಹೋಗುತ್ತದೆ. ಇದರ ಮೇಲೆ ಒಂದು ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಡಲೆಂದೇ ಕೊಳ್ಳಿ. ಎರಡು ವರ್ಷದ ನಂತರ ಕೊಳಾಯಿ ಕೆಲಸಕ್ಕೆ ನಾಲ್ಕು ಟೈಲ್ಸ್ ಒಡೆಯಬೇಕಾಗಿ ಬಂದರೆ ಅದೇ ಬಣ್ಣ ಎಲ್ಲಿಯೂ ಸಿಗುವುದಿಲ್ಲ. ಒಂದೇ ಹೆಸರಿನ ಟೈಲ್ಸ್ ಕೂಡ ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಬಣ್ಣದಲ್ಲಿ ತುಸು ಬದಲಾಗುವುದರಿಂದ, ಎಲ್ಲ ಪೆಟ್ಟಿಗೆಗಳ ಮೇಲೂ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇದೆಯೇ ಎಂದು ಲಾರಿಯಿಂದ ಇಳಿಸುವಾಗಲೇ ನೋಡಿಕೊಳ್ಳಬೇಕು. ಯಲಹಂಕದ ನಮ್ಮ ಬಂಧುಗಳು ಕಡಿಮೆ ಬಿದ್ದ ಮೂರು ಪೆಟ್ಟಿಗೆಗಳನ್ನು ಆಮೇಲೆ ತರಿಸಿ ಈ ಪಾಠ ಕಲಿತರು.

ಇನ್ನು ದರಪಟ್ಟಿ. ‘ಚದರ ಅಡಿಗೆ ಇಷ್ಟು’ ಎಂಬ ಒಂದೇ ಸಾಲಿನ ದರಪಟ್ಟಿಯನ್ನು ಒಪ್ಪಿಕೊಳ್ಳಬೇಡಿ, ಏಕೆಂದರೆ ಬಿಲ್ಲು ಉಬ್ಬುವುದು ಆ ಸಾಲಿನೊಳಗೆ ಸೇರದೆ ಉಳಿದ ಬಾಬ್ತುಗಳಿಂದ. ಹಳೆಯ ನೆಲ ಒಡೆಯುವುದು, ಒಡೆದ ಡೆಬ್ರಿಯನ್ನು ಮೂಟೆ ಕಟ್ಟಿ ಕೆಳಗಿಳಿಸಿ ಸಾಗಿಸುವುದು, ಹೊಸ ಟೈಲ್ಸನ್ನು ಮಹಡಿಗೆ ಹೊತ್ತು ತರುವುದು, ಸಿಮೆಂಟು, ಎಂ-ಸ್ಯಾಂಡ್, ಅಂಟು, ಸಂದಿ ತುಂಬುವ ಗ್ರೌಟ್, ಗೋಡೆಯಂಚಿನ ಸ್ಕರ್ಟಿಂಗ್, ಬಾಗಿಲಿನ ಕೆಳಗಂಚು ಕೊಯ್ಯುವುದು, ಮೆಟ್ಟಿಲಿನ ಗ್ರಾನೈಟ್ ಅಂಚನ್ನು ಉರುಟು ಮಾಡುವುದು, ಪೇಂಟಿಂಗ್ ಮುಗಿಯುವವರೆಗೆ ಹೊಸ ನೆಲವನ್ನು ಮುಚ್ಚಿಡುವುದು: ಇವುಗಳಲ್ಲಿ ಯಾವುದು ದರದೊಳಗೆ ಬರುತ್ತದೆ, ಯಾವುದಕ್ಕೆ ಪ್ರತ್ಯೇಕ ದರ ಎಂದು ಪ್ರತಿಯೊಂದರ ಎದುರಿಗೂ ಬರೆಸಿ. ಸ್ಕರ್ಟಿಂಗ್ ಮತ್ತು ಅಂಚಿನ ಕೆಲಸವನ್ನು ಚದರ ಅಡಿಯ ಬದಲು ರನ್ನಿಂಗ್ ಅಡಿಯಲ್ಲಿ, ಅಂದರೆ ಬರಿಯ ಉದ್ದದ ಲೆಕ್ಕದಲ್ಲಿ ಅಳೆಯುತ್ತಾರೆ. ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಕೂಲಿಯನ್ನು ಹಾಕಿದ ನೆಲದ ಅಳತೆಗೆ ಕೊಡಬೇಕೋ, ಕೊಂಡ ಟೈಲ್ಸ್‌ನ ಅಳತೆಗೆ ಕೊಡಬೇಕೋ ಎಂಬುದನ್ನೂ ಮೊದಲೇ ಮಾತನಾಡಿ. ಮೇಲಿನ ಕೋಣೆಯಲ್ಲೇ ಈ ಎರಡರ ನಡುವೆ 23 ಚದರ ಅಡಿಯ ವ್ಯತ್ಯಾಸವಿದೆ.

ಹಳೆಯ ನೆಲವನ್ನು ಒಡೆಯದೆ ಅದರ ಮೇಲೆಯೇ ಹಾಕಿಕೊಡುತ್ತೇವೆ ಎಂಬ ಮಾತು ಅಪಾರ್ಟ್‌ಮೆಂಟಿನವರಿಗೆ ಹಿತವಾಗಿ ಕೇಳಿಸುತ್ತದೆ. ಧೂಳು, ಸದ್ದು, ಡೆಬ್ರಿ ಮೂರೂ ತಪ್ಪುತ್ತವೆ. ಮಂದ ಸಿಮೆಂಟಿನ ಹಾಸಿನ ಭಾರವೂ ತಪ್ಪುತ್ತದೆ, ಏಕೆಂದರೆ 40 ಮಿಲಿಮೀಟರ್ ದಪ್ಪದ ಹಾಸು ಒಂದು ಚದರ ಮೀಟರಿಗೆ ಸುಮಾರು 80 ಕಿಲೋ ತೂಗುತ್ತದೆ. ಆದರೆ ಟೈಲ್ಸ್ ಮತ್ತು ಅಂಟು ಸೇರಿ ನೆಲ ಒಂದು ಸೆಂಟಿಮೀಟರಿಗಿಂತ ಹೆಚ್ಚು ಏರುವುದರಿಂದ, ಮುಖ್ಯದ್ವಾರ ತೆರೆಯುತ್ತದೆಯೇ, ಬಾಲ್ಕನಿಯ ಹೊಸಿಲಿನ ಎತ್ತರ ಮಳೆನೀರನ್ನು ತಡೆಯುವಷ್ಟು ಉಳಿಯುತ್ತದೆಯೇ ಎಂದು ಅಳೆದು ನೋಡಿ. ಹಳೆಯ ಟೈಲ್ಸ್ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಅದರ ಮೇಲೆ ಹೊಸದನ್ನು ಕೂರಿಸಲೇಬಾರದು.

ನಾಲ್ಕನೆಯ ಹೆಜ್ಜೆ: ಕಾಗದ ಮತ್ತು ಹಣ

ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಸಂದೇಶವೂ ಆಧಾರವೇ, ಆದರೂ ಎರಡು ಪುಟದ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕುವುದು ಉತ್ತಮ. ಟೈಲ್ಸ್‌ನ ಹೆಸರು, ಅಳತೆ, ಅಂಟಿನ ಬಗೆ, ಗ್ರೌಟ್‌ನ ಬಗೆ, ಆರಂಭದ ಮತ್ತು ಮುಕ್ತಾಯದ ದಿನ, ಮೇಲ್ವಿಚಾರಕರು ಯಾರು ಎಂಬುದರ ಜೊತೆಗೆ ಎರಡು ವಾಕ್ಯಗಳು ಅದರಲ್ಲಿ ಇರಲೇಬೇಕು. ಒಂದು: ಸರಕಿನಲ್ಲಿ ದೋಷ ಕಂಡರೆ, ಅದನ್ನು ನೆಲಕ್ಕೆ ಕೂರಿಸುವ ಮೊದಲೇ ಕೆಲಸಗಾರರು ತಿಳಿಸತಕ್ಕದ್ದು, ಕೂರಿಸಿದ ಮೇಲೆ ಟೈಲ್ಸ್ ಬಾಗಿತ್ತೆಂಬ ನೆಪ ಹೇಳತಕ್ಕದ್ದಲ್ಲ. ಎರಡು: ಇಂತಿಷ್ಟು ತಿಂಗಳೊಳಗೆ ಪೊಳ್ಳಾದ, ಸಡಿಲವಾದ ಟೈಲ್ಸನ್ನು ಕೂಲಿ ಪಡೆಯದೆ ಬದಲಿಸತಕ್ಕದ್ದು. ನನ್ನ ಕಾಗದದಲ್ಲಿ ಈ ಎರಡು ವಾಕ್ಯಗಳು ಇದ್ದಿದ್ದರೆ ಮೂವರ ನಡುವೆ ಚೆಂಡಿನಂತೆ ಓಡಾಡುವ ಪ್ರಮೇಯ ನನಗೆ ಬರುತ್ತಿರಲಿಲ್ಲ.

ಮುಂಗಡವಾಗಿ ಕೂಲಿಯ ಕಾಲುಭಾಗಕ್ಕಿಂತ ಹೆಚ್ಚು ಕೊಡಬೇಡಿ ಎಂಬುದು ನನ್ನ ಸಲಹೆ. ಆಮೇಲೆ ಕೋಣೆ ಕೋಣೆ ಮುಗಿದಂತೆ ಕೊಡುತ್ತ ಹೋಗಿ, ಕೊನೆಯ ಶೇ 10ನ್ನು ಒಂದು ತಿಂಗಳು ಉಳಿಸಿಕೊಳ್ಳುವುದಾಗಿ ಮೊದಲೇ ಹೇಳಿ ಒಪ್ಪಿಸಿ; ಕೆಲಸ ಮುಗಿದ ದಿನ ಹೇಳಿದರೆ ಜಗಳವಾಗುತ್ತದೆ, ಆ ಜಗಳದಲ್ಲಿ ನ್ಯಾಯ ಮೇಸ್ತ್ರಿಯ ಕಡೆಗೇ ಇರುತ್ತದೆ. ‘ಬಿಲ್ಲು ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ’ ಎನ್ನುವವರಿಗೆ ಒಲಿಯಬೇಡಿ. ಮುಂದೆ ತಕರಾರು ಬಂದಾಗ ನಿಮ್ಮ ಕೈಯಲ್ಲಿರುವ ಮೊದಲ ಸಾಕ್ಷಿಯೇ ಆ ಬಿಲ್ಲು. ಅದರ ಮೇಲಿನ ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ ಮತ್ತು ಅಂಕಿಗಳಿದ್ದು, ಕರ್ನಾಟಕದಲ್ಲಿ ನೋಂದಾಯಿಸಿದವರದು 29ರಿಂದ ಆರಂಭವಾಗುತ್ತದೆ. ಸಂಖ್ಯೆ ಜೀವಂತವಾಗಿದೆಯೇ ಎಂಬುದನ್ನು ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ಅಪಾರ್ಟ್‌ಮೆಂಟ್ ಸಂಘದ ಅನುಮತಿ, ಲಿಫ್ಟ್ ಬಳಕೆಯ ಸಮಯ, ಒಡೆಯುವ ಕೆಲಸಕ್ಕೆ ಗೊತ್ತಾದ ಗಂಟೆಗಳು, ಡೆಬ್ರಿಗೆ ಇಡಬೇಕಾದ ಠೇವಣಿ ಇವೆಲ್ಲ ಕೆಲಸಕ್ಕೆ ವಾರ ಮೊದಲೇ ಮುಗಿದಿರಲಿ. ಉತ್ತರ ಭಾರತ ಮತ್ತು ಒಡಿಶಾದಿಂದ ಬಂದ ಕೆಲಸಗಾರರು ಹೋಳಿ, ದಸರಾ, ದೀಪಾವಳಿಗೆ ಊರಿಗೆ ಹೊರಟರೆ ಹದಿನೈದು ದಿನ ಕೆಲಸ ನಿಲ್ಲುವುದುಂಟು. ಗೃಹಪ್ರವೇಶದ ಮುಹೂರ್ತವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ನೀರಿನ ಮೂಲವನ್ನೂ ವಿಚಾರಿಸಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಿದರೆ ₹5,000 ದಂಡ ಎಂದು ಆದೇಶಿಸಿದಾಗ, ನೆಲ ತೋಯಿಸಲು ಟ್ಯಾಂಕರ್ ಯಾರು ತರಿಸಬೇಕೆಂಬುದೇ ಹಲವರ ಮನೆಯಲ್ಲಿ ಹೊಸ ಬಾಬ್ತಾಯಿತು.

ಐದನೆಯ ಹೆಜ್ಜೆ: ಕೆಲಸ ನಡೆಯುವಾಗ ಹತ್ತಿರ ಇರಿ

ರಜೆ ಹಾಕುವುದಾದರೆ ಮೊದಲ ದಿನ ಹಾಕಿ. ಮೇಸ್ತ್ರಿಯಿಂದ ಒಂದು ಸಾಲು ಟೈಲ್ಸನ್ನು ಗಾರೆಯಿಲ್ಲದೆ ಒಣದಾಗಿ ಜೋಡಿಸಿ ತೋರಿಸಿಕೊಳ್ಳಿ. ಗೋಡೆಗಳು ಮೂಲೆಮಟ್ಟಕ್ಕೆ ಸರಿಯಿರುವ ಮನೆ ಅಪರೂಪ, ಆದ್ದರಿಂದ ಎಲ್ಲೋ ಒಂದು ಕಡೆ ಕತ್ತರಿಸಿದ ತುಂಡು ಬಂದೇ ಬರುತ್ತದೆ. ಅದು ಬಾಗಿಲಿನ ಎದುರಿಗೆ ಬರಬೇಕೋ ಮಂಚದ ಅಡಿಗೆ ಹೋಗಬೇಕೋ ಎಂಬುದು ಈ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ನಾಲ್ಕಡಿ ಉದ್ದದ ಟೈಲ್ಸ್ ಅಥವಾ ಮರದ ವಿನ್ಯಾಸದ ಪಟ್ಟಿಗಳನ್ನು ಇಟ್ಟಿಗೆ ಕಟ್ಟಿದಂತೆ ಅರ್ಧಕ್ಕೆ ಸರಿಸಿ ಹಾಕಬಾರದು. ಉದ್ದ ಟೈಲ್ಸ್ ತನ್ನ ನಡುಭಾಗದಲ್ಲಿ ತುಸು ಉಬ್ಬಿರುವುದರಿಂದ ಒಂದರ ಉಬ್ಬು ಇನ್ನೊಂದರ ಅಂಚಿನ ಪಕ್ಕಕ್ಕೆ ಬಂದು ಎತ್ತರ ತಗ್ಗು ಎದ್ದು ಕಾಣುತ್ತದೆ. ಮೂರನೆಯ ಒಂದು ಭಾಗದಷ್ಟು ಮಾತ್ರ ಸರಿಸಬೇಕು.

ಪೊಳ್ಳು ಸದ್ದಿನ ಮೂಲವನ್ನು ಎಲ್ಲಕ್ಕಿಂತ ಚೆನ್ನಾಗಿ ತಿಳಿದುಕೊಳ್ಳಿ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ 0.5ರಷ್ಟು ನೀರನ್ನೂ ಹೀರುವುದಿಲ್ಲ. ಹಳೆಯ ಕಾಲದ ಟೈಲ್ಸ್‌ಗೆ ಸಿಮೆಂಟಿನ ಹಾಲು ಸುರಿದು ಕೂರಿಸಿದರೆ ಅದು ಹೀರಿಕೊಂಡು ಹಿಡಿಯುತ್ತಿತ್ತು. ಇದಕ್ಕೆ ಹಾಗೆ ಮಾಡಿದರೆ ಹಿಡಿತ ಸಾಲದು, ವಿಟ್ರಿಫೈಡ್‌ಗೆ ಹೊಂದುವ ಪಾಲಿಮರ್ ಸೇರಿದ ಅಂಟು ಬೇಕು. ಇಂಥ ಅಂಟುಗಳಿಗೆ ಐಎಸ್ 15477 ಎಂಬ ಭಾರತೀಯ ಮಾನಕವಿದೆ. ಚೀಲದ ಮೇಲೆ ಆ ಸಂಖ್ಯೆಯನ್ನೂ ಅಂಟಿನ ಬಗೆಯನ್ನೂ ಓದಿ ನೋಡಿ. ಅಂಟು ತರಿಸಿದರೂ ಹಲವರು ಟೈಲ್ಸ್‌ನ ಬೆನ್ನಿಗೆ ನಾಲ್ಕು ಮೂಲೆ ಮತ್ತು ನಡುವೆ ಐದು ಮುದ್ದೆ ಇಟ್ಟು ಒತ್ತಿಬಿಡುತ್ತಾರೆ. ಮುದ್ದೆಗಳ ನಡುವಿನ ಜಾಗವೆಲ್ಲ ಗಾಳಿಯಾಗಿ ಉಳಿಯುತ್ತದೆ, ಆ ಜಾಗದ ಮೇಲೆ ಒಂದು ದಿನ ಕುಕ್ಕರ್ ಬಿದ್ದರೆ ಟೈಲ್ಸ್ ಸೀಳುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ ಎಂಬುದು ಟೈಲ್ಸ್ ಕಿತ್ತ ಮೇಲೆ ಕಂಡಿತು. ಟೈಲ್ಸ್‌ನ ಬೆನ್ನಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಲ್ಲಿನ ಕರಣೆಯಿಂದ ಅಂಟನ್ನು ನೆಲದ ತುಂಬ ಸಾಲು ಸಾಲಾಗಿ ಎಳೆದು, ದೊಡ್ಡ ಟೈಲ್ಸ್ ಆದರೆ ಬೆನ್ನಿಗೂ ತೆಳುವಾಗಿ ಸವರಿ ಕೂರಿಸುವುದು ಸರಿಯಾದ ಕ್ರಮ. ಸಂದೇಹ ಬಂದರೆ ಆಗಷ್ಟೇ ಕೂರಿಸಿದ ಒಂದನ್ನು ಎಬ್ಬಿಸಿ ತೋರಿಸಲು ವಿನಯದಿಂದ ಕೇಳಿ. ಬೆನ್ನಿನ ತುಂಬ ಅಂಟು ಹರಡಿದ್ದರೆ ಸಾಕು, ಮತ್ತೆ ಕೇಳಬೇಕಾಗುವುದಿಲ್ಲ. ಸಂದಿಯಿಲ್ಲದೆ ಟೈಲ್ಸ್‌ಗೆ ಟೈಲ್ಸ್ ತಾಗಿಸಿ ಹಾಕಿ ಎಂದು ಗ್ರಾಹಕರೇ ಒತ್ತಾಯಿಸುವುದುಂಟು, ಹಾಗೆ ಮಾಡಬೇಡಿ. ಸಂದಿ ಸಮನಾಗಿ ಉಳಿಯಲು ನಡುವೆ ಇಡುವ ಎರಡು ಮಿಲಿಮೀಟರಿನ ಸ್ಪೇಸರ್ ಇರಲಿ.

ಬಚ್ಚಲಿನಲ್ಲಿ ಟೈಲ್ಸ್‌ಗೆ ಮುಂಚೆ ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ಕಟ್ಟಿ 24 ಗಂಟೆಯಾದರೂ ನಿಲ್ಲಿಸಿ, ಕೆಳಗಿನ ಮನೆಯವರ ಸೂರನ್ನು ನೋಡಿ ಬನ್ನಿ. ಟೈಲ್ಸ್ ಹಾಕಿದ ಮೇಲೆ ಸೋರಿದರೆ ಎರಡು ಮನೆಗಳ ಖರ್ಚು.

ಆರನೆಯ ಹೆಜ್ಜೆ: ಸಹಿಗೆ ಮುಂಚಿನ ಪರೀಕ್ಷೆ

ಒಂದು ರೂಪಾಯಿ ನಾಣ್ಯವನ್ನೋ ಮರದ ಕೋಲನ್ನೋ ಹಿಡಿದು ಪ್ರತಿಯೊಂದು ಟೈಲ್ಸ್‌ನ ನಾಲ್ಕು ಮೂಲೆ ಮತ್ತು ನಡುವನ್ನು ತಟ್ಟಿ, ಪೊಳ್ಳಾದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ ಚಿತ್ರ ತೆಗೆಯಿರಿ. ರಾತ್ರಿ ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ಒತ್ತಿ ಹಿಡಿದರೆ ಎದ್ದ ಅಂಚುಗಳೆಲ್ಲ ನೆರಳು ಬೀರುತ್ತವೆ. ಒಂದು ಮಿಲಿಮೀಟರಿಗಿಂತ ಹೆಚ್ಚಿದ್ದರೆ ತಕರಾರು ಮಾಡುವುದು ನ್ಯಾಯ, ಅದಕ್ಕಿಂತ ಕಡಿಮೆಯಿದ್ದರೆ ಬಿಟ್ಟುಬಿಡಿ. ಬಚ್ಚಲು, ಬಾಲ್ಕನಿಗಳಲ್ಲಿ ಬಕೆಟ್ ನೀರು ಸುರಿದು ಹತ್ತು ನಿಮಿಷದ ನಂತರ ಎಲ್ಲಿ ನಿಂತಿದೆ ನೋಡಿ. ಕೊನೆಯ ದಿನ ಗ್ರೌಟ್ ಕಲೆ ತೆಗೆಯಲೆಂದು ಕೆಲಸಗಾರರು ಆಸಿಡ್ ಸುರಿದು ತೊಳೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಸಿಮೆಂಟಿನ ಗ್ರೌಟನ್ನು ಅದು ತಿನ್ನುತ್ತದೆ, ಅಮೃತಶಿಲೆಯನ್ನಂತೂ ಕೆಡಿಸಿಯೇ ಬಿಡುತ್ತದೆ. ಅದನ್ನು ಮೊದಲ ದಿನವೇ ನಿಷೇಧಿಸಿ.

ಕಂಪನಿ ಕೈಯೆತ್ತಿದರೆ

ದೋಷಗಳ ಚಿತ್ರಗಳೊಡನೆ, ಇಷ್ಟು ದಿನದೊಳಗೆ ಸರಿಪಡಿಸಿ ಎಂದು ಬಿಲ್ಲು ಕೊಟ್ಟ ಸಂಸ್ಥೆಗೆ ಮೊದಲು ಬರವಣಿಗೆಯಲ್ಲಿ ತಿಳಿಸಿ. ಹಣ ಪಡೆದವರಿಗೇ ಬರೆಯಿರಿ, ಉಪಗುತ್ತಿಗೆದಾರರ ಹಿಂದೆ ಅಲೆಯಬೇಡಿ. ಉತ್ತರ ಬಾರದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಿ ದೂರು ದಾಖಲಿಸಬಹುದು. ಕೆಲವು ತಕರಾರುಗಳು ಅಲ್ಲಿಗೇ ಮುಗಿಯುತ್ತವೆ. ಮುಗಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗದ ದಾರಿ ಇದೆ. ಕೆಲಸಕ್ಕೆ ತೆತ್ತ ಹಣ ₹50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ₹5 ಲಕ್ಷದವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ಕಂಪನಿಯ ಕಚೇರಿ ಬೇರೆ ಊರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ.

ನನ್ನ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಬರವಣಿಗೆಯ ದೂರು ತಲುಪಿದ ಎರಡನೆಯ ವಾರ ಕಂಪನಿಯು ಬೇರೆ ಮೇಸ್ತ್ರಿಯನ್ನು ಕಳುಹಿಸಿ ಏಳು ಟೈಲ್ಸ್ ಬದಲಿಸಿಕೊಟ್ಟಿತು. ಅಟ್ಟದ ಮೇಲೆ ಉಳಿದಿದ್ದುದು ಆರು ತುಂಡುಗಳು. ಏಳನೆಯದನ್ನು ಬೇರೆ ಬ್ಯಾಚಿನಿಂದ ತಂದು, ಫ್ರಿಜ್ಜಿನ ಅಡಿಗೆ ಹಾಕಿದ್ದಾರೆ.